ಅಬ್ಬಿ ಬುಡ್ದಗೆ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕೋಟದ ಬಸ್ ಸ್ಟಾಪಿನಲ್ಲಿ ಒಂದು ಕಟ್ಟು ಬಸಳೆ ಹಿಡಿದುಕೊಂಡು ನಿಂತಿದ್ದೆ. ಫೋನು ಮಾಡಿದವನು ಹಿಂದೆ ಅವರ ಕೈಕೆಳಗೆ ಇದ್ದ ವಿಜಾಪುರ ಕಡೆಯ ಪೊಲೀಸ್. "ಸರ್, ನಮ್ಮ ಸಾಹೇಬ್ರು ಹೋದ್ರ್ರಿ" ಎಂದ. ನಾನು "ಹೌದಾ" ಎಂದೆ. ಅವನು ಇನ್ನೊಂದು ಮಾತಿಗೆ ಕಾಯುತ್ತಿದ್ದದ್ದು ಗೊತ್ತಾಯಿತು. ಬಸ್ಸು ಬಂತೆಂದು ಹೇಳಿ ಫೋನಿಟ್ಟೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು "ಪಾಪ" ಎಂದಳು. ಸತ್ತವರಿಗೆಲ್ಲ ಪಾಪ ಎನ್ನುವುದು ಅವಳ ಅಭ್ಯಾಸ. ಆದರೂ ಆ ದಿನ ನನಗೆ ಸಿಟ್ಟು ಬಂತು.

ಅವರ ಹೆಸರು ಬರೆಯುವುದಿಲ್ಲ. ಮಕ್ಕಳಿದ್ದಾರೆ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಸ್ವಲ್ಪ ಸಣ್ಣತನದ್ದು, ಅದನ್ನೂ ಹೇಳಿಬಿಡುತ್ತೇನೆ. ಅವರು ಬರೆದು ಕೊಟ್ಟ ಕಾಗದದಲ್ಲಿ ನನಗೂ ಹೆಸರಿರಲಿಲ್ಲ. 'ಸ್ಥಳೀಯ ಶಿಕ್ಷಕರೊಬ್ಬರು' ಎಂದಿತ್ತು.

ನಾನಾಗ ವಂಡ್ಸೆಯಿಂದ ಒಳಗೆ, ಘಟ್ಟದ ಬುಡದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿರಬಹುದು. ಕಾಡಿನೊಳಗೆ ಬಂದೂಕು ಹಿಡಿದವರು ಸೇರಿಕೊಂಡಿದ್ದಾರೆಂದು ಊರಿಡೀ ಗುಸುಗುಸು. ಅವರನ್ನು ಹಿಡಿಯಲೆಂದೇ ತರಬೇತಿ ಕೊಟ್ಟ ಪೊಲೀಸರ ದಳಗಳು ಬಂದು ಅಲ್ಲಲ್ಲಿ ಕ್ಯಾಂಪ್ ಹಾಕಿದ್ದವು. ನಮ್ಮೂರಿನ ಕ್ಯಾಂಪ್ ಇದ್ದದ್ದು ಯಾರೂ ವಾಸವಿಲ್ಲದ ಒಂದು ಹಳೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಇವರು ಆ ದಳದ ಮುಖ್ಯಸ್ಥರು.

ದಳದ ಹುಡುಗರೆಲ್ಲ ಬಯಲುಸೀಮೆಯವರು. ಕೋಲಾರ, ರಾಯಚೂರು, ವಿಜಾಪುರ. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕಂಡರೆ ಹೌಹಾರುತ್ತಿದ್ದರು. ಅದಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ನಮ್ಮ ಮಾತಿಗೆ. ನಮ್ಮವರು ಮಾತಾಡುವ ವೇಗಕ್ಕೆ, ಅಕ್ಷರ ನುಂಗುವ ಚಂದಕ್ಕೆ, ಅವರಿಗೆ ಅದು ಕನ್ನಡ ಎಂದೇ ಅನಿಸುತ್ತಿರಲಿಲ್ಲ. ಒಮ್ಮೆ ಒಬ್ಬ ಮುದುಕರು, ಬರುವ ವಾರ ಬರಬಹುದು ಎನ್ನಲು, "ಬಪ್ಪ ವಾರ ಬಪ್ಕಾತ್ತ್" ಎಂದದ್ದನ್ನು ಕೇಳಿ, ಬಪ್ಪ ಎಂಬ ಹೆಸರಿನವನು ಯಾರು, ಅವನು ಎಲ್ಲಿಂದ ಬರುತ್ತಾನೆ ಎಂದು ಎರಡು ದಿನ ಊರೆಲ್ಲ ವಿಚಾರಿಸಿದ್ದರು. ಆ ಕಥೆ ಹೋಟೆಲಿನಲ್ಲಿ ತಿಂಗಳುಗಟ್ಟಲೆ ಓಡಿತು.

ಅದಾದ ಮೇಲೆಯೇ ದಳದ ಮುಖ್ಯಸ್ಥರು ನಮ್ಮ ಮನೆಗೆ ಬಂದದ್ದು. ಬಾಗಿಲು ತಟ್ಟಿದ ಸದ್ದಾಗಿ ನಾನು ತೆಗೆದರೆ ಎದುರಿಗೆ ಯಾರೂ ಇಲ್ಲ. ಪಕ್ಕದ ಗೋಡೆಗೆ ಒತ್ತಿ ನಿಂತಿದ್ದ ಒಬ್ಬ ತೆಳ್ಳಗಿನ, ಕನ್ನಡಕದ ಮನುಷ್ಯ ನಮಸ್ಕಾರ ಮಾಡಿದರು. ಬಾಗಿಲ ಎದುರು ನಿಲ್ಲಬಾರದೆಂಬುದು ಅವರ ತರಬೇತಿಯ ಮೊದಲ ಪಾಠವಂತೆ. ಒಳಗಿನಿಂದ ಗುಂಡು ಬಂದರೆ ಅದು ಬಾಗಿಲಿನ ಮೂಲಕವೇ ಬರುವುದು. ನಮ್ಮ ಮನೆಗೆ ನೂರು ಸಲ ಬಂದಿರಬೇಕು, ಒಂದು ಸಲವೂ ಬಾಗಿಲಿಗೆ ನೇರ ನಿಲ್ಲಲಿಲ್ಲ. ನನ್ನ ಹೆಂಡತಿ ಅವರನ್ನು ಕಳ್ಳರಿಗೆ ಹೋಲಿಸಿ ಎದುರೇ ಹೇಳಿದ್ದಳು, "ಅದೆಂತ ಕಳ್ರ್ ಕಣೆಗೆ ಗ್ವಾಡಿ ಬದಿ ನಿಂತ್ಕಂತ್ರಿ, ಒಳ್ಗ್ ಬನ್ನಿ ಕಾಂಬ" ಎಂದು. ಅವರು ಅದನ್ನು ಅಲ್ಲೇ ಬರೆದುಕೊಂಡರು.

ಬಂದ ಉದ್ದೇಶ ಸರಳವಾಗಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕ್ಯಾಂಪಿಗೆ ಬಂದು ಹುಡುಗರಿಗೆ ಕುಂದಾಪ್ರ ಕನ್ನಡ ಕಲಿಸಬೇಕು. ನಾನು ಹಿಂದೆಮುಂದೆ ನೋಡಿದೆ. ಪೊಲೀಸರಿಗೆ ಪಾಠ ಹೇಳುವವನನ್ನು ಊರಿನವರು ಏನೆಂದುಕೊಳ್ಳುತ್ತಾರೆ ಎಂಬ ಅಳುಕು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ ನಿಧಾನವಾಗಿ ಹೇಳಿದರು: "ಮೇಷ್ಟ್ರೇ, ನಮ್ಮ ಕೈಯಲ್ಲಿ ಇರೋದು ಲಾಠಿ ಅಲ್ಲ. ಮಾತು ಅರ್ಥ ಆಗದೆ ಇದ್ರೆ ತಪ್ಪು ಮನೆ ಬಾಗಿಲು ಒಡೀತೀವಿ. ಒಂದು ಶಬ್ದದಲ್ಲಿ ಅನುಮಾನ ಬಂದ್ರೂ ನಿಮ್ಮನ್ನ ಕೇಳದೆ ಹೆಜ್ಜೆ ಇಡಲ್ಲ. ಇದು ನನ್ನ ಮಾತು." ಆ ಮಾತಿಗೆ ನಾನು ಸೋತೆ. ಭಾಷೆ ಸರಿಯಾಗಿ ಕಲಿತರೆ ಒಂದು ಜೀವ ಉಳಿಯುತ್ತದೆ ಎಂದು ಮೂವತ್ತು ವರ್ಷದಲ್ಲಿ ಯಾರೂ ಕನ್ನಡ ಮೇಷ್ಟ್ರಿಗೆ ಹೇಳಿರಲಿಲ್ಲ.

ಆ ಶನಿವಾರಗಳು ಚೆನ್ನಾಗಿದ್ದವು ಎಂದು ಈಗಲೂ ಒಪ್ಪಿಕೊಳ್ಳಬೇಕು. ಹುಡುಗರು ಬಂದೂಕನ್ನು ಗೋಡೆಗೆ ಸಾಲಾಗಿ ಒರಗಿಸಿ ಚಾಪೆಯ ಮೇಲೆ ಕೂರುತ್ತಿದ್ದರು. "ಹ್ವಾಯ್" ಎಂದು ಕರೆಯುವುದಕ್ಕೆ ವಿಜಾಪುರದವನಿಗೆ ಒಂದು ತಿಂಗಳು ಹಿಡಿಯಿತು, ಬಂದ ಮೇಲೆ ಊಟಕ್ಕೆ ಕರೆಯುವುದಕ್ಕೂ ಹ್ವಾಯ್, ಮೇಲಧಿಕಾರಿಗೆ ಸೆಲ್ಯೂಟ್ ಹೊಡೆಯುವಾಗಲೂ ಹ್ವಾಯ್. ಅವರು ಮಾತ್ರ ಎಲ್ಲರ ಹಿಂದೆ, ಬೆನ್ನು ಗೋಡೆಗೆ, ಮುಖ ಬಾಗಿಲಿಗೆ ಮಾಡಿ ಕೂತು ಉದ್ದನೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ದುಂಡಗಿನ ಅಕ್ಷರ. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಶ್ರದ್ಧೆಯಿಂದ ಬರೆದವನಲ್ಲ.

ಹುಡುಗರಿಗೆ ಅವರು ಯಾವಾಗಲೂ ಹೇಳುತ್ತಿದ್ದ ಒಂದು ಮಾತಿತ್ತು: "ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ಕೈ." ಹಾಗೆ ಹೇಳುವಾಗ ಕಿವಿ, ಕಣ್ಣು ಮುಟ್ಟಿ ತೋರಿಸಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನಾನು ಅದನ್ನು ಶಾಲೆಯ ಬೋರ್ಡಿನ ಮೇಲೆ ದಿನದ ನುಡಿ ಎಂದು ಬರೆಸಿದ್ದೂ ಉಂಟು. ಯಾರು ಹೇಳಿದ್ದು ಎಂದು ಮಕ್ಕಳು ಕೇಳಿದಾಗ 'ಒಬ್ಬ ದೊಡ್ಡ ಮನುಷ್ಯರು' ಎಂದಿದ್ದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮೊದಲ ಶನಿವಾರವೇ ನಾನು ಸಂಬಂಧವಾಚಕಗಳನ್ನು ಹೇಳಿಕೊಟ್ಟಿದ್ದೆ. ಅಪ್ಪಯ್ಯ, ಮಾಣಿ, ಹೆಣ್ಣ್. ಅಬ್ಬಿ ಎಂದರೆ ತಾಯಿ ಎಂದಾಗ ಅವರು ಹಿಂದಿನಿಂದ ನಕ್ಕರು. ಅವರು ಘಟ್ಟದ ಮೇಲಿನ, ಹೊಸನಗರ ಕಡೆಯವರು. "ನಮ್ಮ ಕಡೆ ಅಬ್ಬಿ ಅಂದ್ರೆ ನೀರು ಬೀಳೋ ಜಾಗ, ಮೇಷ್ಟ್ರೇ. ನಿಮ್ಮೂರಲ್ಲಿ ತಾಯಿನಾ? ಚೆನ್ನಾಗಿದೆ" ಎಂದು ಬರೆದುಕೊಂಡರು. ಹಾಗೆಯೇ 'ಬುಡ'ದ ಮಾತೂ ಬಂತು. ನಮ್ಮಲ್ಲಿ ಬುಡ ಎಂದರೆ ಹತ್ತಿರ. ನನ್ನ ಬುಡಕ್ಕೆ ಬಾ ಎಂದರೆ ನನ್ನ ಹತ್ತಿರ ಬಾ ಎಂದರ್ಥ. ಅದನ್ನೂ ಬರೆದುಕೊಂಡರು. ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. 'ಅಬ್ಬಿ: ತಾಯಿ' ಎಂದು ಬರೆದು ಕೆಳಗೆ ಒಂದು ಗೆರೆ ಎಳೆದಿದ್ದರು.

ಭಾನುವಾರ ಕೆಲವೊಮ್ಮೆ ಊಟಕ್ಕೆ ಬರುತ್ತಿದ್ದರು. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಿಡಿ ಉಪ್ಪಿನಕಾಯಿ. ಉಂಡ ತಟ್ಟೆಯನ್ನು ಅವರೇ ತೊಳೆದಿಡುವರು, ಬೇಡವೆಂದರೂ ಕೇಳುವುದಿಲ್ಲ. ಅವರ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರಂತೆ. ನನ್ನ ಹೆಂಡತಿ ಎರಡನೇ ಸಲ ಬಡಿಸುವಾಗ ತಲೆ ತಗ್ಗಿಸಿ ಕೂರುತ್ತಿದ್ದರು. ಪೊಲೀಸರ ಬಗ್ಗೆ ನನಗಿದ್ದ ಅಭಿಪ್ರಾಯವನ್ನೆಲ್ಲ ಆ ತಟ್ಟೆ ತೊಳೆಯುವ ಕೈ ಬದಲಿಸಿತು. ನಾನು ಅವರನ್ನು ನಂಬಿದೆ ಎಂದರೆ ಕಡಿಮೆಯಾಯಿತು, ನನ್ನ ತಮ್ಮನಿಗಿಂತ ಹೆಚ್ಚು ಹಚ್ಚಿಕೊಂಡಿದ್ದೆ.

ಇನ್ನು ಸುಧಾಕರನ ವಿಷಯ. ನನ್ನ ಹಳೆಯ ವಿದ್ಯಾರ್ಥಿ, ಆಗ ಮೂವತ್ತರ ಹತ್ತಿರ. ವಂಡ್ಸೆ ಪೇಟೆಯಲ್ಲಿ ಬಾಡಿಗೆ ಜೀಪು ಓಡಿಸಿಕೊಂಡಿದ್ದ. ಅವನ ತಾಯಿ ಒಬ್ಬರೇ ಗುಡ್ಡದಾಚೆಯ ಮನೆಯಲ್ಲಿದ್ದರು. ಅಲ್ಲಿಗೆ ಜೀಪು ಹೋಗುವುದಿಲ್ಲ, ಕಾಡಿನ ಕಾಲುದಾರಿ. ಅದೇ ದಾರಿ ಮುಂದೆ ಹೋದರೆ ಒಂದು ಸಣ್ಣ ಜಲಪಾತ.

ಒಂದು ಸಂಜೆ ಅವನು ಅಂಗಡಿಯ ಕಾಯಿನ್ ಫೋನಿನಿಂದ ತನ್ನ ಅಕ್ಕನಿಗೆ ಫೋನು ಮಾಡಿದ. ಮರುದಿನ ಅಕ್ಕಂದಿರಿಬ್ಬರೂ ತಾಯಿಯನ್ನು ನೋಡಲು ಬರುವವರಿದ್ದರು. ಅವನು ಹೇಳಿದ್ದು ಇಷ್ಟು: "ನಾಳೆ ಬೆಳಿಗ್ಗೆ ನಾ ಅಬ್ಬಿ ಬುಡ್ದಗೆ ಇರ್ತೆ. ಅಕ್ಕಿ ನಾನೇ ಹೊತ್ಕಂಡ್ ಹೋತೆ. ನೀವ್ ಇಬ್ರೂ ಸೀದ ಅಲ್ಲಿಗೇ ಬನ್ನಿ." ಅಂಗಡಿಯ ಬೆಂಚಿನ ಮೇಲೆ ಮಫ್ತಿಯಲ್ಲಿ ಕೂತಿದ್ದ ದಳದ ಹುಡುಗನೊಬ್ಬ ಅದನ್ನು ಕೇಳಿದ್ದನ್ನು ಕೇಳಿದ ಹಾಗೆಯೇ ಚೀಟಿಯಲ್ಲಿ ಬರೆದು ಕ್ಯಾಂಪಿಗೆ ಒಯ್ದ. ನನ್ನ ಪಾಠ ಅಷ್ಟರಮಟ್ಟಿಗೆ ಫಲ ಕೊಟ್ಟಿತ್ತು. ಹುಡುಗ ಒಂದು ಅಕ್ಷರವನ್ನೂ ತಪ್ಪಾಗಿ ಬರೆದಿರಲಿಲ್ಲ.

ಚೀಟಿ ಅವರ ಕೈಗೆ ಹೋಯಿತು. ಅವರು ಓದಿಕೊಂಡದ್ದು ಹೀಗೆ: ಅಬ್ಬಿಯ ಬುಡದಲ್ಲಿ, ಅಂದರೆ ಜಲಪಾತದ ಕೆಳಗೆ, ನಾಳೆ ಬೆಳಿಗ್ಗೆ, ಅಕ್ಕಿ ಹೊತ್ತುಕೊಂಡು, ಇನ್ನಿಬ್ಬರು ಬರುತ್ತಾರೆ. ಕಾಡಿನೊಳಗೆ ಇರುವವರಿಗೆ ಅಕ್ಕಿ ಕೊಡುವವರು ಯಾರೆಂದು ದಳ ತಿಂಗಳುಗಟ್ಟಲೆ ಹುಡುಕುತ್ತಿತ್ತು. ಆ ಸಂಜೆ ನಾನು ಮನೆಯಲ್ಲೇ ಇದ್ದೆ, ಹತ್ತು ನಿಮಿಷದ ದಾರಿಯಲ್ಲಿ, ಉತ್ತರಪತ್ರಿಕೆ ತಿದ್ದುತ್ತಾ. ಯಾರೂ ಬಂದು ಬಾಗಿಲು ತಟ್ಟಲಿಲ್ಲ.

ಬೆಳಕು ಹರಿಯುವಾಗ ಸುಧಾಕರ ತಲೆಯ ಮೇಲೆ ಅಕ್ಕಿಯ ಗಂಟು ಹೊತ್ತು ಹೋಗುತ್ತಿದ್ದ. ಹಿಂದಿನಿಂದ "ನಿಲ್ಲು" ಎಂಬ ಕೂಗು ಬಂತು. ಯಾರೆಂದು ಅವನು ಗಕ್ಕನೆ ತಿರುಗಿದ. ತಲೆಯ ಗಂಟು ಜಾರಿತು, ಹಿಡಿಯಲು ಕೈ ಎತ್ತಿದ. ಮರೆಯಲ್ಲಿ ಕೂತ ಪೊಲೀಸನಿಗೆ ಎತ್ತಿದ ಕೈ ಬೇರೆ ತರಹ ಕಂಡಿತು. ಗುಂಡು ಬಲ ಮೊಣಕಾಲಿಗೆ ಬಿತ್ತು. ತಾಯಿಯ ಮನೆ ಅಲ್ಲಿಂದ ಕೂಗಳತೆ. ತಾಯಿ ಓಡಿ ಬಂದು ನೋಡಿದರೆ ದಾರಿಯಿಡೀ ಅಕ್ಕಿ, ಮಧ್ಯೆ ಮಗ.

ಜೀವ ಉಳಿಯಿತು. ಕಾಲು ಮಡಚಲು ಬಾರದೇ ಹೋಯಿತು. ಊರು ದಂಗುಬಡಿಯಿತು, ವಂಡ್ಸೆಯಲ್ಲಿ ಒಂದು ದಿನ ಅಂಗಡಿ ಮುಚ್ಚಿದರು, ಮೇಲಿನಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ನಾನು ಕ್ಯಾಂಪಿಗೆ ಓಡಿದೆ. ಅವರು ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ನನಗೆ ಆಗಲೂ ಅವರ ಮೇಲೆ ಅನುಮಾನ ಬರಲಿಲ್ಲ. ಅವರ ಮನಸ್ಸಿಗೆ ಎಷ್ಟು ನೋವಾಗಿದೆಯೋ ಎಂದು ಮರುಗಿದೆ. ಎಷ್ಟು ಪೆದ್ದನಾಗಿದ್ದೆ ನೋಡಿ.

ಕುಂದಾಪುರಕ್ಕೆ ನನ್ನನ್ನು ಕರೆಸಿದಾಗ, ಭಾಷೆಯ ವಿಷಯ ವಿವರಿಸಲು ಎಂದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ವಿಚಾರಣೆಯ ಅಧಿಕಾರಿ ಒಂದು ಕಾಗದ ಓದಿದರು. ಚೀಟಿಯಲ್ಲಿದ್ದ 'ಅಬ್ಬಿ' ಎಂಬ ಶಬ್ದದ ಅರ್ಥವನ್ನು, ದಳಕ್ಕೆ ಭಾಷೆ ಕಲಿಸುತ್ತಿದ್ದ ಸ್ಥಳೀಯ ಶಿಕ್ಷಕರೊಬ್ಬರಲ್ಲಿ ವಿಚಾರಿಸಲಾಗಿ, ಅವರು ಜಲಪಾತ ಎಂದು ತಿಳಿಸಿದ ಮೇರೆಗೆ ಕಾರ್ಯಾಚರಣೆ ಕೈಗೊಳ್ಳಲಾಯಿತು. ಕೆಳಗೆ ಅವರ ರುಜು. ಅವರು ಅದೇ ಕೋಣೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತು ಕನ್ನಡಕ ಒರೆಸುತ್ತಿದ್ದರು.

ನಾನು ಸುಳ್ಳು ಎಂದೆ. ನನ್ನ ಧ್ವನಿ ನನಗೇ ಪರಿಚಯವಿಲ್ಲದಷ್ಟು ಏರಿತ್ತು. ಯಾರೂ ನನ್ನನ್ನು ಕೇಳಲು ಬರಲೇ ಇಲ್ಲ, ಅಬ್ಬಿ ಎಂದರೆ ತಾಯಿ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದೇನೆ, ಇವರ ನೋಟ್‌ಬುಕ್ಕಿನಲ್ಲಿ ಇವರದೇ ಅಕ್ಷರದಲ್ಲಿ ಇದೆ, ತರಿಸಿ ನೋಡಿ ಎಂದೆ. ಅಧಿಕಾರಿ ಅವರ ಕಡೆ ತಿರುಗಿದರು.

"ಅಂಥ ನೋಟ್‌ಬುಕ್ ಯಾವುದೂ ಇರಲಿಲ್ಲ ಸರ್" ಎಂದರು ಅವರು.

ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿಯೇ ಹೇಳಿದರು. ತಪ್ಪು ಮಾಡಿದ್ದನ್ನು ನಾನು ಮನ್ನಿಸುತ್ತಿದ್ದೆನೋ ಏನೋ. ನನ್ನ ಮನೆಯಲ್ಲಿ ಉಂಡು ತಟ್ಟೆ ತೊಳೆದಿಟ್ಟ ಮನುಷ್ಯ ಹಾಗೆ ನೋಡಿಕೊಂಡು ಹೇಳಿದ್ದನ್ನು ಮನ್ನಿಸಲು ಇವತ್ತಿಗೂ ಆಗಿಲ್ಲ. ಹೊರಗೆ ಮೆಟ್ಟಿಲ ಹತ್ತಿರ ಕಾದು ನಿಂತೆ. ಅವರು ಬೇರೆ ಬಾಗಿಲಿಂದ ಹೊರಟುಹೋಗಿದ್ದರು.

ಆಮೇಲಿನದು ಹೇಳಲು ಹೆಚ್ಚಿಲ್ಲ. ಸುಧಾಕರನ ಮೇಲೆ ಕೇಸಾಗಲಿಲ್ಲ, ಭಾಷೆಯ ತಪ್ಪು ತಿಳಿವಳಿಕೆ ಎಂದು ಮುಗಿಯಿತು. ದಳವನ್ನು ಬೇರೆಡೆಗೆ ಕಳಿಸಿದರು. ಊರಿನಲ್ಲಿ ಉಳಿದದ್ದು ನಾನು. ಹೋಟೆಲಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಹತ್ತನೇ ತರಗತಿಯ ಬೋರ್ಡಿನ ಮೇಲೆ ಯಾರೋ 'ಅಬ್ಬಿ = ಜಲಪಾತ' ಎಂದು ಬರೆದಿಟ್ಟಿದ್ದರು. ನಾನೇ ಡಸ್ಟರ್ ಹಿಡಿದು ಒರೆಸಿ ಪಾಠ ಶುರು ಮಾಡಿದೆ. ಸುಧಾಕರನ ತಾಯಿ, ವರ್ಷಕ್ಕೊಮ್ಮೆ ನಮ್ಮ ಮನೆಗೆ ಸೌತೆಕಾಯಿ ಕಳಿಸುತ್ತಿದ್ದವರು, ವಂಡ್ಸೆಯ ಬಸ್ ಸ್ಟಾಪಿನಲ್ಲಿ ಹತ್ತು ಜನರ ಎದುರು ನನಗೆ ಬೆನ್ನು ತಿರುಗಿಸಿ ನಿಂತರು. ಅದೊಂದು ನನ್ನನ್ನು ಮುರಿಯಿತು. ಆ ವರ್ಷವೇ ವರ್ಗ ಕೇಳಿ ಶಿರೂರಿಗೆ ಹೋದೆ, ಅಲ್ಲೇ ನಿವೃತ್ತನಾಗಿ ಕೋಟಕ್ಕೆ ಬಂದೆ. ಘಟ್ಟದ ಬುಡಕ್ಕೆ ಮತ್ತೆ ಹೋಗಲಿಲ್ಲ.

ಅವರು ಸತ್ತ ಸುದ್ದಿ ಬಂದು ಒಂದು ವಾರವಾಗಿತ್ತು. ಮಧ್ಯಾಹ್ನ ಬಸ್ಸಿನಿಂದ ಇಳಿದು ಒಬ್ಬ ಕಾಲೆಳೆದುಕೊಂಡು ನಮ್ಮ ಅಂಗಳಕ್ಕೆ ಬಂದ. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಸುಧಾಕರ. ತಲೆ ನರೆತಿತ್ತು. ಜಗಲಿಯ ಮೇಲೆ ಬಲಗಾಲು ನೀಡಿಕೊಂಡು ಕೂತ. ತಾಯಿ ತೀರಿಹೋಗಿ ಎರಡು ವರ್ಷವಾಯಿತೆಂದ. ನೀರು ಕುಡಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ:

"ಮಾಷ್ಟ್ರೆ, ನಿಮ್ಗೆ ಒಂದ್ ಮಾತ್ ಹೇಳೂಕಿತ್ತ್. ಅವ್ರ್ ಬದ್ಕಿ ಇಪ್ಪುವರಿಗೂ ಹೇಳುದಿಲ್ಲೆ ಅಂದೇಳಿ ಮಾತ್ ಕೊಟ್ಟಿದ್ದೆ."

ಅವನು ಆಸ್ಪತ್ರೆಯಲ್ಲಿದ್ದಾಗ ಅವರು ಯೂನಿಫಾರ್ಮ್ ಇಲ್ಲದೆ ಒಬ್ಬರೇ ಹೋಗಿದ್ದರಂತೆ. ಮಂಚದ ಪಕ್ಕ ನಿಂತು ಎಲ್ಲವನ್ನೂ ಹೇಳಿದರಂತೆ. ಚೀಟಿ ಓದಿದಾಗ ಎರಡು ಅರ್ಥವೂ ಎದುರಿಗೆ ಬಂದವು, ತಾಯಿ ಎಂಬುದು ಗೊತ್ತಿತ್ತು, ಆದರೆ ಅಷ್ಟು ದಿನದಿಂದ ಹುಡುಕುತ್ತಿದ್ದ ಅರ್ಥ ಇನ್ನೊಂದಾಗಿತ್ತು, ಮೇಷ್ಟ್ರನ್ನು ಕೇಳಿದರೆ ಅದು ಕೈತಪ್ಪುತ್ತದೆ ಎಂದೇ ಕೇಳಲಿಲ್ಲ. ಈಗ ಉಳಿದದ್ದು ಎರಡೇ ದಾರಿ. ಕಾಡಿನವರಿಗೆ ಅಕ್ಕಿ ಒಯ್ಯುತ್ತಿದ್ದವನು ಎಂದು ಬರೆದರೆ ಸುಧಾಕರನಿಗೆ ಜೈಲು, ಮೇಲಿನವರಿಗೆ ಬೇಕಾದದ್ದೂ ಅದೇ. ಮಾತು ತಪ್ಪಾಗಿ ತಿಳಿಯಿತು ಎಂದು ಬರೆದರೆ ಅವನು ಪಾರು. ಆದರೆ ಗೊತ್ತಿದ್ದೂ ತಾವೇ ತಪ್ಪಿದ್ದು ಎಂದರೆ ಇಲಾಖೆ ಅದನ್ನು ಬರೆಯಲು ಬಿಡುವುದಿಲ್ಲ, ಮೊದಲನೆಯದನ್ನೇ ಬರೆಯುತ್ತದೆ. ಹೊರಗಿನವರು ಯಾರೋ ತಪ್ಪು ಅರ್ಥ ಹೇಳಿದರು ಎಂದೇ ಆಗಬೇಕು.

"ಮಾಷ್ಟ್ರಿಗೆ ಏನೂ ಆತಿಲ್ಲೆ, ತಪ್ಪ್ ಅರ್ಥ ಹೇಳ್ದಕ್ಕೆ ಜೈಲಿಲ್ಲೆ ಅಂದ್ರ್. ನಾನ್ ಹೂಂ ಅಂದೆ, ಮಾಷ್ಟ್ರೆ. ನಂಗೆ ಹೆದ್ರಿಕಿ ಆಯ್ತ್."

"ನಿನ್ನ ಅಬ್ಬಿಗೆ?" ಎಂದೆ.

ಅವನು ನೀಡಿದ ಕಾಲನ್ನು ಒಮ್ಮೆ ತಡವಿಕೊಂಡ. "ಗೊತ್ತಿತ್ತ್. ಬಸ್ ಸ್ಟಾಪಗೆ ನಿಮ್ಗೆ ಬೆನ್ನ್ ಹಾಕಿದ್ದ್ ಬೇಕಂದೇ. ಊರಿನವ್ರ್ ನಂಬ್ಲಿ ಅಂದೇಳಿ. ಮನಿಗ್ ಬಂದ್ ಆ ದಿನ ಉಣ್ಲಿಲ್ಲೆ."

ಆಗ ನನಗೆ ಆದದ್ದನ್ನು ಹೇಗೆ ಹೇಳಲಿ. ಅಷ್ಟು ವರ್ಷ ಒಬ್ಬರನ್ನು ಮಾತ್ರ ದ್ವೇಷಿಸಿಕೊಂಡು ಬಂದಿದ್ದೆ, ಅದೂ ಒಂದು ತರಹದ ನೆಮ್ಮದಿಯೇ ಆಗಿತ್ತು. ಈಗ ನೋಡಿದರೆ ನನ್ನ ವಿದ್ಯಾರ್ಥಿಗೆ ಗೊತ್ತಿತ್ತು, ಅವನ ತಾಯಿಗೆ ಗೊತ್ತಿತ್ತು. ನನ್ನ ಹೆಸರನ್ನು ಮೂವರೂ ಸೇರಿ ಬಿಟ್ಟುಕೊಟ್ಟಿದ್ದರು, ಗೊತ್ತಿಲ್ಲದವನು ನಾನೊಬ್ಬನೇ. ನಾನು ಸಿಟ್ಟಿನಿಂದಲ್ಲ, ಬರೀ ತಿಳಿದುಕೊಳ್ಳಲು ಕೇಳಿದೆ, ನನ್ನ ಹತ್ತಿರ ಬಂದು ಒಂದು ಮಾತು ಕೇಳಬಾರದಿತ್ತೇ ಎಂದು.

"ನಾನೂ ಅದನ್ನೇ ಹೇಳ್ದೆ, ಮಾಷ್ಟ್ರ್ ಹತ್ರ ಒಂದ್ ಸಲ ಕೇಣಿ ಅಂದೇಳಿ. ಅವ್ರ್ ತಲಿ ಆಡ್ಸ್ರ್. 'ಕೇಳಿದ್ರೆ ಮೇಷ್ಟ್ರು ಒಪ್ತಾರೆ. ಆದ್ರೆ ಅವರಿಗೆ ಸುಳ್ಳು ಹೇಳೋಕೆ ಬರಲ್ಲ, ವಿಚಾರಣೆಯಲ್ಲಿ ಸಿಕ್ಕಿಬೀಳ್ತಾರೆ' ಅಂದ್ರ್."

ಬ್ರಹ್ಮಾವರದ ಕಡೆಯ ಬಸ್ಸಿನಲ್ಲಿ ಅವನಿಗೆ ಮುಂದೆ ಎಲ್ಲಿಗೋ ಹೋಗಬೇಕಿತ್ತು. ಸ್ಟಾಪಿನವರೆಗೂ ಜೊತೆಗೆ ಹೋದೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಅವನ ಮಡಚಲಾಗದ ಕಾಲನ್ನು ಹಿಡಿದು ಎತ್ತಿಕೊಟ್ಟೆ. ಕ್ಷಮಿಸಿದೆ ಎಂದು ಹೇಳಲಿಲ್ಲ, ಅವನೂ ಕೇಳಲಿಲ್ಲ. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿ, ನನ್ನನ್ನು ಕೇಳಿದ್ದರೆ ಖಂಡಿತ ಒಪ್ಪುತ್ತಿದ್ದೆ ಎಂದೆ. ಅವಳು ಬಸಳೆ ಸೋಸುತ್ತಾ ತಲೆ ಎತ್ತದೆ, "ಒಪ್ತಿದ್ರ್ಯಾ?" ಎಂದಳು.

ಒಪ್ಪುತ್ತಿದ್ದೆನೇ? ಗೊತ್ತಿಲ್ಲ. ಒಂದು ರಾತ್ರಿ ಯೋಚಿಸಿ ಹೂಂ ಎನ್ನುತ್ತಿದ್ದೆನೋ, ನನ್ನ ಮಾನ ದೊಡ್ಡದೆಂದು ಬಾಗಿಲು ಹಾಕಿಕೊಳ್ಳುತ್ತಿದ್ದೆನೋ. ಅವರು ನನ್ನ ಹೆಸರು ಕೆಡಿಸಿದ್ದು ದೊಡ್ಡದೆಂದು ಇಷ್ಟು ದಿನ ತಿಳಿದಿದ್ದೆ. ಒಬ್ಬನ ಬದುಕು ಉಳಿಸಲು ನಾನು ನನ್ನ ಹೆಸರು ಕೊಡುವ ಮನುಷ್ಯನೋ ಅಲ್ಲವೋ ಎಂದು ನನಗೆ ಗೊತ್ತಾಗುವ ಒಂದೇ ಒಂದು ಸಂದರ್ಭ ಬಂದಿತ್ತು. ನನ್ನ ಪರವಾಗಿ ಹೌದು ಎಂದು ಅವರೇ ಹೇಳಿ ಮುಗಿಸಿಬಿಟ್ಟರು.